ಕರುಣೆಯಿಂದ ಮಾಂಸ ಬಿಡುವುದಾದರೆ ಮೊದಲು ಕೋಳಿಯನ್ನು ಬಿಡಿ

ಪ್ರಾಣಿಗಳ ನೋವಿಗೆ ಮರುಗಿ ಮಾಂಸ ಬಿಡಲು ಹೊರಡುವವರಲ್ಲಿ ಹಲವರು ದೊಡ್ಡ ಪ್ರಾಣಿಗಳಿಂದ ಶುರು ಮಾಡುತ್ತಾರೆ. ದನದ ಮಾಂಸ ಮೊದಲು ಹೋಗುತ್ತದೆ, ಆಮೇಲೆ ಹಂದಿ ಮತ್ತು ಕುರಿ. ಕೋಳಿ ಮತ್ತು ಮೀನು ಬಹಳ ಕಾಲ ತಟ್ಟೆಯಲ್ಲಿ ಉಳಿದುಬಿಡುತ್ತವೆ. ಮೊಟ್ಟೆಯ ವಿಚಾರ ತಲೆಗೇ ಬರುವುದಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ದನದ ಕಣ್ಣಿನಲ್ಲಿ ನಮಗೆ ದುಃಖ ಕಾಣುತ್ತದೆ, ಅದರ ಕೂಗಿನಲ್ಲಿ ಅಳು ಕೇಳುತ್ತದೆ. ಕೋಳಿಯ ಮುಖದಲ್ಲಿ ನೋವನ್ನು ಗುರುತಿಸಲು ನಮಗೆ ಬರುವುದಿಲ್ಲ, ಮೀನಿನದು ನಮ್ಮ ಕಿವಿಗೆ ಬೀಳುವುದೇ ಇಲ್ಲ. ಹವಾಮಾನ ಬದಲಾವಣೆಯ ಬಗ್ಗೆ ಕೇಳಿಬರುವ ಸಲಹೆಯೂ ಈ ಕ್ರಮವನ್ನೇ ಗಟ್ಟಿ ಮಾಡಿದೆ. ಒಂದು ಕಿಲೋ ದನದ ಮಾಂಸದಿಂದ ಹೊಮ್ಮುವ ಹಸಿರುಮನೆ ಅನಿಲ ಒಂದು ಕಿಲೋ ಕೋಳಿಮಾಂಸದ್ದಕ್ಕಿಂತ ಹಲವು ಪಟ್ಟು ಹೆಚ್ಚು, ಆದ್ದರಿಂದ ದನ ಬಿಟ್ಟು ಕೋಳಿಗೆ ಬನ್ನಿ ಎಂಬುದು ಆ ಸಲಹೆ.

ಭೂಮಿಯ ಬಿಸಿಯೊಂದೇ ಚಿಂತೆಯಾದರೆ ಆ ಸಲಹೆ ಸರಿ. ಪ್ರಾಣಿಯ ಹಿತ ಕಾರಣವಾದರೆ ಅದು ತೀರಾ ತಪ್ಪು ದಾರಿ. ದನದ ಮಾಂಸದ ಜಾಗಕ್ಕೆ ಕೋಳಿಮಾಂಸ ತಂದುಕೊಂಡವರು, ಮಾಂಸದ ಜಾಗಕ್ಕೆ ಮೊಟ್ಟೆ ತಂದುಕೊಂಡವರು, ತಮಗೆ ಅರಿವಿಲ್ಲದೆಯೇ ಮೊದಲಿಗಿಂತ ಹೆಚ್ಚು ಪ್ರಾಣಿಗಳ ನೋವಿನ ಮೇಲೆ ಊಟ ಮಾಡುತ್ತಿರಬಹುದು. ಇದನ್ನು ನಾನು ಯಾರನ್ನೂ ದೂರುವುದಕ್ಕೆ ಹೇಳುತ್ತಿಲ್ಲ. ಅವರ ಕರುಣೆ ನಿಜವಾದದ್ದು. ಆದ್ದರಿಂದಲೇ ಲೆಕ್ಕ ಸರಿಯಾಗಿರಬೇಕು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಅಂಶಗಳ ಪ್ರಕಾರ ಜಗತ್ತಿನಲ್ಲಿ ಈಗ ವರ್ಷಕ್ಕೆ 8,000 ಕೋಟಿಗೂ ಹೆಚ್ಚು ನೆಲವಾಸಿ ಪ್ರಾಣಿಗಳನ್ನು ಮಾಂಸಕ್ಕಾಗಿ ಕೊಲ್ಲಲಾಗುತ್ತಿದೆ. ಅವುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಕೋಳಿಗಳು. ಹಂದಿಗಳು 140 ಕೋಟಿಯ ಆಸುಪಾಸು, ದನಗಳು 30 ಕೋಟಿಯ ಆಸುಪಾಸು. ಮಾಂಸದ ತೂಕ ನೋಡಿದರೆ ಈ ಅಂತರ ಕಾಣುವುದೇ ಇಲ್ಲ, ತಲೆ ಎಣಿಸಿದಾಗ ಮಾತ್ರ ಕಾಣುತ್ತದೆ. ಒಂದು ದನದಿಂದ ಸುಮಾರು 200 ಕಿಲೋ ಮಾಂಸ ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಬ್ರಾಯ್ಲರ್ ಕೋಳಿಯೊಂದರಿಂದ ಸಿಗುವುದು ಒಂದೂವರೆ ಕಿಲೋ. ಅಂದರೆ ಒಂದು ದನ ಕೊಡುವಷ್ಟೇ ಮಾಂಸಕ್ಕೆ ನೂರ ಮೂವತ್ತು ಕೋಳಿಗಳು ಬೇಕು.

ತಲೆ ಎಣಿಕೆ ಸಾಲದು, ಪ್ರಾಣಿ ಎಷ್ಟು ಕಾಲ ಆ ಸ್ಥಿತಿಯಲ್ಲಿ ಬದುಕುತ್ತದೆ ಎಂಬುದೂ ಮುಖ್ಯ ಎನ್ನುವವರಿದ್ದಾರೆ. ಒಪ್ಪತಕ್ಕ ಮಾತು. ಬ್ರಾಯ್ಲರ್ ಕೋಳಿ ಸುಮಾರು ಆರು ವಾರ ಬದುಕುತ್ತದೆ. ಒಂದು ಕಿಲೋ ಮಾಂಸಕ್ಕೆ ಅದರ ಬದುಕಿನ ಇಪ್ಪತ್ತೇಳು ಇಪ್ಪತ್ತೆಂಟು ದಿನಗಳು ಸಂದವು. ಎರಡು ವರ್ಷ ಬದುಕುವ ದನದ ಲೆಕ್ಕದಲ್ಲಿ ಒಂದು ಕಿಲೋಗೆ ಮೂರು ನಾಲ್ಕು ದಿನ. ವರ್ಷಕ್ಕೆ 300 ಮೊಟ್ಟೆ ಇಡುವ ಕೋಳಿಗೆ ಒಂದು ಮೊಟ್ಟೆ ಎಂದರೆ ಇಪ್ಪತ್ತೊಂಬತ್ತು ಗಂಟೆಗಳ ಬದುಕು. ಒಂದು ಕಿಲೋ ಮೊಟ್ಟೆಗೆ ಇಪ್ಪತ್ತು ದಿನ. ದಿನಕ್ಕೆ 25 ಲೀಟರ್ ಹಿಂಡುವ ಹಸುವಿನ ಒಂದು ಲೀಟರ್ ಹಾಲಿಗೆ ಒಂದು ಗಂಟೆಯಷ್ಟೇ. ಇವು ಒರಟು ಲೆಕ್ಕಗಳು. ತಳಿ, ಮೇವು, ಸಾಕುವ ಕ್ರಮ ಬದಲಾದಂತೆ ಅಂಕಿಗಳು ಅತ್ತಿತ್ತ ಸರಿಯುತ್ತವೆ, ಆದರೆ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಕ್ರಮ ಸುಲಭಕ್ಕೆ ಬದಲಾಗುವುದಿಲ್ಲ.

ಇನ್ನು ಆ ಇಪ್ಪತ್ತೆಂಟು ದಿನಗಳು ಎಂಥವು ಎಂದು ನೋಡಬೇಕು.

ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಮೂರು ಕಾಲದ ಕೋಳಿತಳಿಗಳನ್ನು ಒಂದೇ ಮೇವು ಕೊಟ್ಟು ಜೊತೆಯಾಗಿ ಬೆಳೆಸಿದರು. 56 ದಿನಗಳಾದಾಗ 1957ರ ತಳಿಯ ಕೋಳಿ 905 ಗ್ರಾಂ ತೂಗಿತು. 1978ರದು 1,808 ಗ್ರಾಂ. 2005ರ ತಳಿಯದು 4,202 ಗ್ರಾಂ. ಮೇವು ಒಂದೇ ಆಗಿದ್ದರಿಂದ ವ್ಯತ್ಯಾಸವೆಲ್ಲ ತಳಿಯದೇ. ಅರ್ಧ ಶತಮಾನದ ಆಯ್ಕೆಯಲ್ಲಿ ಎದೆಯ ಮಾಂಸ ಉಬ್ಬಿತು, ಕಾಲು, ಹೃದಯ, ಶ್ವಾಸಕೋಶಗಳು ಆ ವೇಗಕ್ಕೆ ಹೊಂದಿಕೊಳ್ಳಲಿಲ್ಲ. ಹಾಗಾಗಿ ಕುಂಟುವಿಕೆ ಈ ಕೋಳಿಗಳಲ್ಲಿ ಸಾಮಾನ್ಯ. ಹೊಟ್ಟೆಯಲ್ಲಿ ನೀರು ತುಂಬುವ ಕಾಯಿಲೆ, ಏಕಾಏಕಿ ಹೃದಯ ನಿಂತು ಬೀಳುವುದು ಕೂಡ ಹೊಸ ಸುದ್ದಿಯೇನಲ್ಲ. ಕೊನೆಯ ವಾರಗಳಲ್ಲಿ ಅವು ಹೆಚ್ಚಿನ ಹೊತ್ತು ತಮ್ಮದೇ ಹಿಕ್ಕೆಯಿಂದ ಒದ್ದೆಯಾದ ನೆಲದ ಮೇಲೆ ಕುಳಿತಿರುತ್ತವೆ. ಅದರ ಅಮೋನಿಯದಿಂದ ಪಾದ ಮತ್ತು ಎದೆಯ ಚರ್ಮ ಸುಡುತ್ತದೆ. ಯುರೋಪಿಯನ್ ಒಕ್ಕೂಟದ 2007ರ ನಿಯಮ ಕೆಲವು ಷರತ್ತುಗಳೊಂದಿಗೆ ಒಂದು ಚದರ ಮೀಟರಿನಲ್ಲಿ 42 ಕಿಲೋ ತೂಕದಷ್ಟು ಕೋಳಿಗಳನ್ನು ಇಡಲು ಬಿಡುತ್ತದೆ. ಬೆಳೆದ ಕೋಳಿಗಳು ಹತ್ತೊಂಬತ್ತೋ ಇಪ್ಪತ್ತೋ ಆಗುತ್ತವೆ. ಜಗತ್ತಿನ ಕಟ್ಟುನಿಟ್ಟಿನ ನಿಯಮಗಳಲ್ಲಿ ಇದೂ ಒಂದು ಎಂಬುದನ್ನು ನೆನಪಿಡಬೇಕು.

ಕುಂಟುವುದು ನೋವೇ, ಅಥವಾ ಬರಿಯ ನಡಿಗೆಯ ದೋಷವೇ? ಬ್ರಿಸ್ಟಲ್ ವಿಶ್ವವಿದ್ಯಾಲಯದ ತಂಡವೊಂದು 2000ನೇ ಇಸವಿಯಲ್ಲಿ ಪ್ರಕಟಿಸಿದ ಪ್ರಯೋಗ ಈ ಪ್ರಶ್ನೆಯನ್ನು ಕೋಳಿಗಳನ್ನೇ ಕೇಳಿತು. ಎರಡು ಬಣ್ಣದ ಮೇವುಗಳಲ್ಲಿ ಒಂದಕ್ಕೆ ಕಾರ್ಪ್ರೊಫೆನ್ ಎಂಬ ನೋವುನಿವಾರಕ ಬೆರೆಸಿಟ್ಟರು. ಕುಂಟುವ ಕೋಳಿಗಳು ಆರೋಗ್ಯವಂತ ಕೋಳಿಗಳಿಗಿಂತ ಹೆಚ್ಚಾಗಿ ಮದ್ದಿನ ಮೇವನ್ನು ಆರಿಸಿಕೊಂಡವು. ಕುಂಟು ಹೆಚ್ಚಿದಷ್ಟೂ ತಿಂದ ಮದ್ದಿನ ಪ್ರಮಾಣ ಹೆಚ್ಚಿತು, ತಿಂದವುಗಳ ನಡಿಗೆ ಸುಧಾರಿಸಿತು. ಪ್ರಾಣಿಗಳ ಒಳಗನ್ನು ಅರಿಯುವ ಬಗ್ಗೆ ನಾನು ಓದಿದವುಗಳಲ್ಲಿ ಇಷ್ಟು ನೇರವಾದ ಸಾಕ್ಷ್ಯ ಕಡಿಮೆ. ಮಾತು ಬಾರದ ಜೀವಿ ತನ್ನ ಕಾಲು ನೋಯುತ್ತಿದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರದು.

ಈ ತಳಿಗಳ ತಂದೆತಾಯಿ ಕೋಳಿಗಳ ಪಾಡು ಹೊರಗೆ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಮರಿಗಳು ಆರು ವಾರದಲ್ಲೇ ಕೊಲೆಗೆ ಹೋಗುತ್ತವೆ, ಆದರೆ ಮೊಟ್ಟೆಯಿಟ್ಟು ಮರಿ ಮಾಡಿಸಬೇಕಾದ ತಾಯಂದಿರು ವರ್ಷದ ಮೇಲೆ ಬದುಕಿರಬೇಕು. ಹೊಟ್ಟೆತುಂಬ ತಿನ್ನಲು ಬಿಟ್ಟರೆ ಅವು ಕೊಬ್ಬಿ, ಮೊಟ್ಟೆಯಿಡಲಾಗದೆ, ಬೇಗ ಸಾಯುತ್ತವೆ. ಆದ್ದರಿಂದ ಬೆಳೆಯುವ ವಯಸ್ಸಿನಲ್ಲಿ ಅವುಗಳಿಗೆ ಬೇಕಾದ ಮೇವಿನ ಅರ್ಧಕ್ಕಿಂತ ಕಡಿಮೆ ಕೊಟ್ಟು ಹಸಿವಿನಲ್ಲೇ ಇಡಲಾಗುತ್ತದೆ. ಉಂಡರೆ ಕಾಯಿಲೆ, ಉಣ್ಣದಿದ್ದರೆ ಸದಾ ಹಸಿವು: ಪ್ರಾಣಿಯನ್ನು ಈ ಇಕ್ಕಟ್ಟಿಗೆ ತಂದದ್ದು ಪಂಜರವಲ್ಲ, ಅದರ ದೇಹ. ಸಾಕುವವನು ಎಷ್ಟೇ ದಯಾಳುವಾಗಿದ್ದರೂ ಇದನ್ನು ಸರಿಪಡಿಸಲಾರ.

ಮೊಟ್ಟೆಯ ಕಥೆಯಲ್ಲೂ ದೇಹವೇ ಮುಖ್ಯ. ಸಾಕು ಕೋಳಿಯ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ. ಈಗಿನ ಮೊಟ್ಟೆಕೋಳಿ ಮುನ್ನೂರು. ಚಿಪ್ಪಿಗೆ ಬೇಕಾದ ಸುಣ್ಣಾಂಶದ ಒಂದು ಪಾಲನ್ನು ಅದು ತನ್ನ ಮೂಳೆಯಿಂದ ತೆಗೆಯುತ್ತದೆ. ಹೀಗೆ ಎದೆಮೂಳೆ ಮುರಿಯುವುದು ಎಷ್ಟು ವ್ಯಾಪಕವೆಂದರೆ, ಡೆನ್ಮಾರ್ಕಿನಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪರೀಕ್ಷಿಸಿದ ಬಹುಪಾಲು ಕೋಳಿಗಳ ಎದೆಮೂಳೆಯಲ್ಲಿ ಬಿರುಕು ಕಂಡುಬಂದಿತು. ಪಂಜರದಿಂದ ಹೊರಗೆ ಸಾಕಿದ ಕೋಳಿಗಳೂ ಇದರಿಂದ ತಪ್ಪಿಸಿಕೊಂಡಿರಲಿಲ್ಲ. ಪಂಜರರಹಿತ ಎಂಬ ಚೀಟಿ ನೋಡಿ ಸಮಾಧಾನ ಪಡುವವರು ಇದನ್ನು ಗಮನಿಸಬೇಕು. ಪಂಜರ ಹೋದದ್ದು ಖಂಡಿತ ಒಳ್ಳೆಯದು. ಯುರೋಪಿಯನ್ ಒಕ್ಕೂಟದಲ್ಲಿ 2012ರವರೆಗೆ ಒಂದು ಕೋಳಿಗೆ ಸಿಗುತ್ತಿದ್ದ 550 ಚದರ ಸೆಂಟಿಮೀಟರ್ ಜಾಗ ನಾವು ಕಚೇರಿಯಲ್ಲಿ ಬಳಸುವ ಎ-4 ಹಾಳೆಗಿಂತ ಚಿಕ್ಕದು. ಅಲ್ಲಿ ರೆಕ್ಕೆ ಬಿಚ್ಚಲು, ಮಣ್ಣಿನಲ್ಲಿ ಹೊರಳಲು, ಗೂಡು ಹುಡುಕಲು ಆಗುವುದಿಲ್ಲ. ಹೊರಗೆ ಬಂದ ಕೋಳಿಗೆ ಇವೆಲ್ಲ ಸಿಕ್ಕವು. ಆದರೂ ವರ್ಷಕ್ಕೆ ಮುನ್ನೂರು ಮೊಟ್ಟೆಯ ಭಾರ ಹಾಗೇ ಉಳಿಯಿತು.

ಮೊಟ್ಟೆಕೋಳಿಯ ಗಂಡು ಮರಿಗಳದು ಇನ್ನೊಂದು ವಿಚಾರ. ಅವು ಮೊಟ್ಟೆ ಇಡುವುದಿಲ್ಲ. ಮಾಂಸದ ತಳಿಯಂತೆ ಬೇಗ ಬೆಳೆಯುವುದೂ ಇಲ್ಲ. ಮೊಟ್ಟೆಯಿಂದ ಹೊರಬಂದ ದಿನವೇ ಅವುಗಳನ್ನು ಬೇರ್ಪಡಿಸಿ ಯಂತ್ರದಲ್ಲಿ ಅರೆದು ಅಥವಾ ಅನಿಲ ಬಿಟ್ಟು ಕೊಲ್ಲುತ್ತಾರೆ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 700 ಕೋಟಿ ಮರಿಗಳು ಹೀಗೆ ಸಾಯುತ್ತವೆ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಮೊಟ್ಟೆಯೊಳಗಿರುವಾಗಲೇ ಲಿಂಗ ಗುರುತಿಸುವ ತಂತ್ರ ಈಗ ಬಂದಿದೆ. ಜರ್ಮನಿ 2022ರ ಜನವರಿಯಿಂದ ಈ ಕೊಲೆಯನ್ನು ನಿಷೇಧಿಸಿತು, ಫ್ರಾನ್ಸ್ ಅದನ್ನು ಹಿಂಬಾಲಿಸಿತು. ಮಾಂಸ ಬಿಟ್ಟು ಮೊಟ್ಟೆಯನ್ನು ಹೆಚ್ಚಿಸಿಕೊಂಡವರ ಆಯ್ಕೆ ಪ್ರಾಣಿಹಿತದ ದೃಷ್ಟಿಯಿಂದ ಏಕೆ ಇಷ್ಟು ದುರ್ಬಲ ಎಂಬುದಕ್ಕೆ ಇವಿಷ್ಟೇ ಸಾಕು.

ಮೀನಿನ ಬಳಿ ಬಂದಾಗ ಪ್ರಶ್ನೆ ಗಂಭೀರವಾಗುತ್ತದೆ. ಅದಕ್ಕೆ ನೋವು ಆಗುತ್ತದೆಯೇ ಎಂಬ ಅನುಮಾನ ಬಹಳ ಕಾಲ ಇತ್ತು. ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತಲೆಯಲ್ಲಿ ನೋವು ಗ್ರಹಿಸುವ ನರತುದಿಗಳನ್ನು ಗುರುತಿಸಿ 2003ರಲ್ಲಿ ಪ್ರಕಟಿಸಿದರು. ತುಟಿಗೆ ಜೇನುನೊಣದ ವಿಷ ಅಥವಾ ಅಸಿಟಿಕ್ ಆಮ್ಲ ಚುಚ್ಚಿದಾಗ ಮೀನುಗಳು ಗಂಟೆಗಟ್ಟಲೆ ಆಹಾರ ಬಿಟ್ಟವು, ತೊಟ್ಟಿಯ ತಳದ ಜಲ್ಲಿಗೆ ತುಟಿ ಉಜ್ಜಿದವು, ಅತ್ತಿತ್ತ ಓಲಾಡಿದವು. ಮಾರ್ಫಿನ್ ಕೊಟ್ಟಾಗ ಈ ನಡವಳಿಕೆ ಕಡಿಮೆಯಾಯಿತು. ಬರಿಯ ಪ್ರತಿವರ್ತನ ಎಂದು ತಳ್ಳಿಹಾಕಲು ಇದು ಕಷ್ಟ. ಒಪ್ಪದ ವಿಜ್ಞಾನಿಗಳು ಇನ್ನೂ ಇದ್ದಾರೆ. ಮೀನಿನ ಮಿದುಳಿನಲ್ಲಿ ನಮ್ಮಲ್ಲಿರುವಂಥ ಮಿದುಳ ಹೊರಪದರ ಇಲ್ಲ ಎಂಬುದು ಅವರ ವಾದ. ಆದರೆ ಹಕ್ಕಿಗಳಲ್ಲೂ ಅದು ನಮ್ಮಂತಿಲ್ಲ, ಮತ್ತು ಅವುಗಳ ಪ್ರಜ್ಞೆಯನ್ನು ಈಗ ಅಲ್ಲಗಳೆಯುವವರು ವಿರಳ. ಪ್ರಾಣಿಗಳ ಪ್ರಜ್ಞೆಯ ಬಗ್ಗೆ ವಿಜ್ಞಾನಿಗಳು ಹೊರಡಿಸಿದ 2012ರ ಕೇಂಬ್ರಿಡ್ಜ್ ಘೋಷಣೆ, ಪ್ರಜ್ಞೆಗೆ ಬೇಕಾದ ನರವ್ಯವಸ್ಥೆ ಇರುವ ಜೀವಿಗಳಲ್ಲಿ ಸಸ್ತನಿ ಮತ್ತು ಹಕ್ಕಿಗಳ ಜೊತೆ ಆಕ್ಟೋಪಸ್ ಅನ್ನೂ ಹೆಸರಿಸಿತು. 2024ರ ನ್ಯೂಯಾರ್ಕ್ ಘೋಷಣೆ ಒಂದು ಹೆಜ್ಜೆ ಮುಂದೆ ಹೋಗಿ, ಮೀನು ಸೇರಿದಂತೆ ಎಲ್ಲ ಬೆನ್ನೆಲುಬಿನ ಪ್ರಾಣಿಗಳಲ್ಲೂ, ಸೀಗಡಿ, ಏಡಿ, ಕೀಟಗಳಂಥ ಹಲವು ಬೆನ್ನೆಲುಬಿಲ್ಲದ ಜೀವಿಗಳಲ್ಲೂ ಪ್ರಜ್ಞೆ ಇರುವ ವಾಸ್ತವ ಸಾಧ್ಯತೆಯಿದೆ ಎಂದಿತು. ಬ್ರಿಟನ್ನಿನ 2022ರ ಪ್ರಾಣಿ ಸಂವೇದನೆ ಕಾನೂನು ಏಡಿ, ಸೀಗಡಿ, ಆಕ್ಟೋಪಸ್‌ಗಳನ್ನು ಒಳಗೊಂಡಿದೆ. ಖಚಿತವಾಗಿ ತಿಳಿಯುವವರೆಗೆ ನೋವಿಲ್ಲ ಎಂದೇ ನಡೆದುಕೊಳ್ಳೋಣ ಎನ್ನುವುದು ನನಗೆ ಕ್ರೂರವಾಗಿ ಕಾಣುತ್ತದೆ. ನಮ್ಮ ಅಂದಾಜು ತಪ್ಪಾದರೆ ಅದರ ಪೂರ್ತಿ ಭಾರ ಮೀನಿನದು.

ಆ ಭಾರ ಚಿಕ್ಕದಲ್ಲ. ಕಾಡುಮೀನುಗಳ ಹಿಡಿತವನ್ನು ತೂಕದಲ್ಲಿ ಮಾತ್ರ ದಾಖಲಿಸುತ್ತಾರೆ, ಸಂಖ್ಯೆಯಲ್ಲಿ ಅಲ್ಲ. ತೂಕದಿಂದ ಸಂಖ್ಯೆಗೆ ಮರಳಿ ಲೆಕ್ಕ ಹಾಕಿದ ಸಂಶೋಧಕರ ಅಂದಾಜು ವರ್ಷಕ್ಕೆ ಒಂದರಿಂದ ಎರಡು ಲಕ್ಷ ಕೋಟಿಯ ಸುತ್ತ ಇದೆ. ಸಾಕಿದ ಮೀನುಗಳು 2019ರಲ್ಲಿ 7,800 ಕೋಟಿಯಿಂದ 17,100 ಕೋಟಿ. ಇವುಗಳಲ್ಲಿ ಹೆಚ್ಚಿನವು ನೀರಿನ ಹೊರಗೆ ಉಸಿರುಗಟ್ಟಿ, ಮಂಜುಗಡ್ಡೆಯಲ್ಲಿ, ಅಥವಾ ಪ್ರಜ್ಞೆಯಿರುವಾಗಲೇ ಸೀಳಿಸಿಕೊಂಡು ಸಾಯುತ್ತವೆ. ಸಾಲ್ಮನ್‌ನಂಥ ಮಾಂಸಾಹಾರಿ ಮೀನು ಸಾಕಲು ಬೇರೆ ಸಣ್ಣ ಮೀನುಗಳನ್ನು ಹಿಡಿದು ಪುಡಿಯಾಗಿಸಿ ತಿನ್ನಿಸುತ್ತಾರೆ. ತಟ್ಟೆಯ ಒಂದು ತುಂಡಿನ ಹಿಂದೆ ಲೆಕ್ಕಕ್ಕೇ ಬಾರದ ಮೀನುಗಳಿರುತ್ತವೆ.

ಇಲ್ಲಿಯವರೆಗೆ ಹೇಳಿದ್ದು ನೋವಿನ ವಿಚಾರ. ಕೊಲ್ಲುವುದೇ ತಪ್ಪು ಎನ್ನುವುದು ಬೇರೆ ಕಾರಣ, ಮತ್ತು ಈ ಎರಡನ್ನು ಕಲಸಿದರೆ ಚರ್ಚೆ ಹಾದಿ ತಪ್ಪುತ್ತದೆ. ಬದುಕುವ ಹಕ್ಕು ಪ್ರಾಣಿಗೂ ಇದೆ ಎಂದು ನಂಬುವವರಿಗೆ ಸಾಕಣೆ ಎಷ್ಟು ಸುಧಾರಿಸಿದರೂ ಉತ್ತರ ಬದಲಾಗುವುದಿಲ್ಲ. ನೋವು ಮಾತ್ರ ತಪ್ಪು ಎನ್ನುವವರು ತಾತ್ವಿಕವಾಗಿ ಹುಲ್ಲುಗಾವಲಿನಲ್ಲಿ ಮೇದು ಬೆಳೆದ, ಅರಿವಿಲ್ಲದೆ ಸತ್ತ ಪ್ರಾಣಿಯ ಮಾಂಸವನ್ನು ಒಪ್ಪಬಹುದು. ಕಷ್ಟವಿರುವುದು ಅಂಥ ಮಾಂಸ ಎಷ್ಟು ಸಿಗುತ್ತದೆ ಎಂಬಲ್ಲಿ. ವರ್ಷಕ್ಕೆ ಸಾವಿರಾರು ಕೋಟಿ ಪ್ರಾಣಿಗಳನ್ನು ಬಯಲಿನಲ್ಲಿ ಮೇಯಿಸಲು ಭೂಮಿ ಸಾಲದು. ಈಗಿನಷ್ಟು ಮಾಂಸ, ಈಗಿನಷ್ಟು ಅಗ್ಗವಾಗಿ ಬೇಕೆಂದರೆ ಅದು ಕಾರ್ಖಾನೆ ಸಾಕಣೆಯಿಂದಲೇ ಬರಬೇಕು.

ಅರಿವಿಲ್ಲದ ಸಾವೂ ಕಾಗದದಲ್ಲಿ ಇರುವಷ್ಟು ಸರಳವಲ್ಲ. ದೊಡ್ಡ ಕಸಾಯಿಖಾನೆಗಳಲ್ಲಿ ಹಂದಿಗಳನ್ನು ಎಚ್ಚರ ತಪ್ಪಿಸಲು ಹೆಚ್ಚು ಸಾಂದ್ರತೆಯ ಇಂಗಾಲದ ಡೈಆಕ್ಸೈಡ್ ತುಂಬಿದ ಕೋಣೆಗೆ ಇಳಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಈ ಅನಿಲ ಮೂಗು, ಗಂಟಲು, ಕಣ್ಣಿನ ತೇವದಲ್ಲಿ ಕರಗಿ ಆಮ್ಲವಾಗುತ್ತದೆ. ಎಚ್ಚರ ತಪ್ಪುವ ಮೊದಲು ಹಂದಿಗಳು ಏದುಸಿರು ಬಿಡುತ್ತವೆ, ಕಿರುಚುತ್ತವೆ, ಮೇಲೆ ಹತ್ತಲು ನೋಡುತ್ತವೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2020ರ ವರದಿಯಲ್ಲಿ ಇದನ್ನು ಗಂಭೀರ ಹಿತಬಾಧೆ ಎಂದೇ ಪರಿಗಣಿಸಿತು. ಪದ್ಧತಿ ಮುಂದುವರಿದಿದೆ, ಏಕೆಂದರೆ ಅದು ವೇಗವಾಗಿದೆ ಮತ್ತು ಅಗ್ಗವಾಗಿದೆ.

ಹಾಗಾದರೆ ಕಾನೂನಿನ ಸುಧಾರಣೆಗೆ ಬೆಲೆಯಿಲ್ಲವೇ? ಖಂಡಿತ ಇದೆ. ಬ್ರಿಟನ್ ಸರ್ಕಾರ ನೇಮಿಸಿದ್ದ ಬ್ರ್ಯಾಂಬೆಲ್ ಸಮಿತಿ 1965ರಲ್ಲಿಯೇ ಸಾಕುಪ್ರಾಣಿಗೆ ಏಳಲು, ಮಲಗಲು, ಸುತ್ತ ತಿರುಗಲು, ಮೈ ಶುಚಿ ಮಾಡಿಕೊಳ್ಳಲು, ಕಾಲು ಚಾಚಲು ಅವಕಾಶವಿರಬೇಕು ಎಂದಿತ್ತು. ಇಷ್ಟು ಕನಿಷ್ಠ ಬೇಡಿಕೆಯೂ ಇಂದಿಗೂ ಎಲ್ಲೆಡೆ ಈಡೇರಿಲ್ಲ. ಗಬ್ಬದ ಹಂದಿಗಳನ್ನು ಹೊರಳಲೂ ಆಗದ ಕಬ್ಬಿಣದ ಕಟಕಟೆಯಲ್ಲಿ ವಾರಗಟ್ಟಲೆ ಇಡುವುದನ್ನು ಬ್ರಿಟನ್ 1999ರಲ್ಲಿ ನಿಲ್ಲಿಸಿತು. ಯುರೋಪಿಯನ್ ಒಕ್ಕೂಟ 2013ರಲ್ಲಿ, ಅದೂ ಗಬ್ಬದ ಮೊದಲ ನಾಲ್ಕು ವಾರ ಬಿಟ್ಟು. ಕ್ಯಾಲಿಫೋರ್ನಿಯದ ಮತದಾರರು 2018ರಲ್ಲಿ ಅನುಮೋದಿಸಿದ ಕಾನೂನು ಇಂಥ ಕಟಕಟೆಯ ಹಂದಿಮಾಂಸದ ಮಾರಾಟವನ್ನೇ ತಡೆಯಿತು. ಹಂದಿಮಾಂಸ ಉದ್ಯಮ ಅದನ್ನು ಪ್ರಶ್ನಿಸಿತು, 2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು. ಇನ್ನೊಂದು ಕಡೆ, ಪಂಜರ ಸಾಕಣೆ ಪೂರ್ತಿ ನಿಲ್ಲಲಿ ಎಂದು ಸುಮಾರು 14 ಲಕ್ಷ ಯುರೋಪಿಯನ್ನರು ಸಹಿ ಹಾಕಿದ ಮನವಿಗೆ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಆಯೋಗ 2021ರಲ್ಲಿ ಒಪ್ಪಿ, 2023ರ ಕೊನೆಯೊಳಗೆ ಮಸೂದೆ ತರುವುದಾಗಿ ಮಾತು ಕೊಟ್ಟಿತ್ತು. ಆ ಗಡುವು ಮಸೂದೆಯಿಲ್ಲದೆ ಕಳೆಯಿತು. ಸುಧಾರಣೆ ಪ್ರಾಣಿಗಳಿಗೆ ನಿಜವಾದ ನೆಮ್ಮದಿ ತರುತ್ತದೆ, ಆದರೆ ದಶಕಗಳ ಲೆಕ್ಕದಲ್ಲಿ. ಬ್ರಾಯ್ಲರ್ ಕೋಳಿಯ ತಲೆಮಾರು ಆರು ವಾರಕ್ಕೆ ಮುಗಿಯುತ್ತದೆ.

ಮಾಂಸ ಬಿಡುವ ನಿರ್ಧಾರಕ್ಕೆ ಎದುರಾಗುವ ಪ್ರಶ್ನೆಗಳಲ್ಲಿ ಗಿಡಕ್ಕೂ ಜೀವವಿಲ್ಲವೇ ಎಂಬುದಕ್ಕೆ ಉತ್ತರ ಚಿಕ್ಕದು. ಗಿಡಕ್ಕೆ ನರಮಂಡಲವಿಲ್ಲ, ಇದ್ದಿದ್ದರೂ, ಮಾಂಸಕ್ಕಾಗಿ ಪ್ರಾಣಿ ತಿನ್ನುವ ಗಿಡಗಳು ನಾವು ನೇರವಾಗಿ ತಿನ್ನುವುದಕ್ಕಿಂತ ಎಷ್ಟೋ ಹೆಚ್ಚು. ಉಳುಮೆ, ಕಟಾವಿನಲ್ಲಿ ಇಲಿ, ಹಾವು, ಹಕ್ಕಿಗಳು ಸಾಯುತ್ತವೆ ಎಂಬ ಆಕ್ಷೇಪ ಹೆಚ್ಚು ತೂಕದ್ದು, ಅದು ಸತ್ಯ ಕೂಡ. ಆದರೂ ಜಗತ್ತಿನ ಧಾನ್ಯದ ದೊಡ್ಡ ಪಾಲು ಹೋಗುವುದು ಕೋಳಿ ಮತ್ತು ಹಂದಿಗಳ ಮೇವಿಗೆ. ಹೊಲದ ಸಾವು ತಗ್ಗಬೇಕಾದರೂ ಮೊದಲು ತಗ್ಗಬೇಕಾದದ್ದು ಅದೇ.

ಒಬ್ಬರು ಬಿಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಒಬ್ಬರು ಕೊಳ್ಳುವುದನ್ನು ನಿಲ್ಲಿಸಿದಾಗ ಬೆಲೆ ತುಸು ಇಳಿಯುತ್ತದೆ, ಇಳಿದ ಬೆಲೆಗೆ ಇನ್ನೊಬ್ಬರು ತುಸು ಹೆಚ್ಚು ಕೊಳ್ಳುತ್ತಾರೆ. ಆದ್ದರಿಂದ ಬಿಟ್ಟದ್ದೆಲ್ಲವೂ ಉತ್ಪಾದನೆಯಲ್ಲಿ ಕಡಿಮೆಯಾಗುವುದಿಲ್ಲ. ಅಮೆರಿಕದ ಇಬ್ಬರು ಕೃಷಿ ಅರ್ಥಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಹತ್ತು ಮೊಟ್ಟೆ ಬಿಟ್ಟರೆ ಉತ್ಪಾದನೆ ಒಂಬತ್ತರಷ್ಟು ಇಳಿಯುತ್ತದೆ. ಹತ್ತು ಕಿಲೋ ಕೋಳಿಮಾಂಸಕ್ಕೆ ಏಳೂವರೆ ಕಿಲೋ, ದನದ ಮಾಂಸಕ್ಕೆ ಏಳಕ್ಕಿಂತ ತುಸು ಕಡಿಮೆ, ಹಾಲಿಗೆ ಅರ್ಧಕ್ಕಿಂತ ತುಸು ಹೆಚ್ಚು. ಅಂಗಡಿಯವರು ಒಂದೊಂದಾಗಿ ತರಿಸುವುದಿಲ್ಲ, ಪೆಟ್ಟಿಗೆಗಟ್ಟಲೆ ತರಿಸುತ್ತಾರೆ; ಹಾಗಾಗಿ ನನ್ನ ಒಂದು ಕೋಳಿಯಿಂದ ಹೆಚ್ಚಿನ ದಿನ ಏನೂ ಬದಲಾಗದಿರಬಹುದು. ಆದರೆ ಯಾವುದೋ ಒಂದು ಕೋಳಿ ಇಡೀ ಒಂದು ಪೆಟ್ಟಿಗೆಯನ್ನು ತಪ್ಪಿಸುತ್ತದೆ. ಸರಾಸರಿಯಲ್ಲಿ ಪರಿಣಾಮ ಅಷ್ಟೇ ಉಳಿಯುತ್ತದೆ.

ಹಾಲಿನ ಬಗ್ಗೆ ಮೌನವಾಗಿದ್ದರೆ ಈ ಲೆಕ್ಕ ಅಪ್ರಾಮಾಣಿಕವಾಗುತ್ತದೆ. ಹಾಲು ಬರಬೇಕಾದರೆ ಹಸು ಕರು ಹಾಕಲೇಬೇಕು. ದೊಡ್ಡ ಡೈರಿಗಳಲ್ಲಿ ಹುಟ್ಟಿದ ದಿನವೋ ಮರುದಿನವೋ ಕರುವನ್ನು ತಾಯಿಯಿಂದ ಬೇರ್ಪಡಿಸುತ್ತಾರೆ, ಗಂಡು ಕರು ಮಾಂಸಕ್ಕೆ ಹೋಗುತ್ತದೆ, ಇಪ್ಪತ್ತು ವರ್ಷ ಬದುಕಬಲ್ಲ ಹಸುವೂ ಐದಾರು ವರ್ಷಕ್ಕೆ ಅದೇ ಹಾದಿ ಹಿಡಿಯುತ್ತದೆ. ಲೀಟರಿಗೆ ತಗಲುವ ಪ್ರಾಣಿಗಳ ಸಂಖ್ಯೆ ಕಡಿಮೆ ಎಂಬುದು ನಿಜ. ಆ ಕೆಲವು ಪ್ರಾಣಿಗಳ ಪಾಡು ಹಗುರವಾಗಿದೆ ಎಂದು ಅದರ ಅರ್ಥವಲ್ಲ. ಎಲ್ಲವನ್ನೂ ಬಿಡಬಲ್ಲವರು ಬಿಡಲಿ. ಪೂರ್ತಿ ಸಸ್ಯಾಹಾರದಲ್ಲಿ ಬಿ-12 ಜೀವಸತ್ವ ಸಿಗುವುದಿಲ್ಲ, ಅದನ್ನು ಮಾತ್ರೆಯಿಂದಲೋ ಬಿ-12 ಸೇರಿಸಿದ ಆಹಾರದಿಂದಲೋ ಪಡೆಯಬೇಕು. ಇದರಲ್ಲಿ ರಾಜಿ ಸಲ್ಲದು. ಎಲ್ಲವನ್ನೂ ಬಿಡಲಾಗದವರು ಏನೂ ಬಿಡದೆ ಕೂರಬೇಕಿಲ್ಲ. ಕೋಳಿ, ಮೊಟ್ಟೆ ಮತ್ತು ಮೀನನ್ನು ಬಿಟ್ಟರೆ, ಅವುಗಳ ಜಾಗಕ್ಕೆ ಕಾಳುಬೇಳೆ ತಂದುಕೊಂಡರೆ, ಒಬ್ಬರ ಊಟಕ್ಕೆ ಬಲಿಯಾಗುವ ಪ್ರಾಣಿಗಳಲ್ಲಿ ಬಹುಪಾಲು ಈ ಪಾಡಿನಿಂದ ಪಾರಾಗುತ್ತವೆ.

ಒಬ್ಬೊಬ್ಬರ ಸಂಕಲ್ಪದ ಜೊತೆಗೆ ಅಡುಗೆಮನೆಯ ಯೋಜನೆಯೂ ಬಹಳಷ್ಟು ಮಾಡಬಲ್ಲದು. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಊಟದ ಮನೆಗಳಲ್ಲಿ 94,000ಕ್ಕೂ ಹೆಚ್ಚು ಊಟಗಳನ್ನು ಪರಿಶೀಲಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನ ಒಂದು ಸರಳ ಬದಲಾವಣೆಯನ್ನು ಅಳೆಯಿತು. ನಾಲ್ಕು ಬಗೆಗಳಲ್ಲಿ ಒಂದು ಸಸ್ಯಾಹಾರವಿದ್ದಲ್ಲಿ ಎರಡನ್ನು ಇಟ್ಟಾಗ ಸಸ್ಯಾಹಾರದ ಮಾರಾಟ ಶೇಕಡಾ 41ರಿಂದ 79ರಷ್ಟು ಏರಿತು. ಯಾರಿಗೂ ಉಪದೇಶ ಮಾಡಿರಲಿಲ್ಲ, ಯಾವ ಊಟವನ್ನೂ ನಿಷೇಧಿಸಿರಲಿಲ್ಲ. ಹೆಚ್ಚು ಬದಲಾದವರು ಅದುವರೆಗೆ ಸಸ್ಯಾಹಾರವನ್ನು ಅತಿ ಕಡಿಮೆ ಆರಿಸುತ್ತಿದ್ದವರು. ಆಸ್ಪತ್ರೆ, ಶಾಲೆ, ಕಚೇರಿ, ಹಾಸ್ಟೆಲ್‌ಗಳ ಊಟದ ಪಟ್ಟಿ ಬರೆಯುವವರ ಕೈಯಲ್ಲಿ ಎಷ್ಟು ಕೋಳಿಗಳ ಬದುಕಿದೆ ಎಂಬುದನ್ನು ಈ ಅಂಕಿಗಳಿಂದ ಲೆಕ್ಕ ಹಾಕಬಹುದು. ಪಟ್ಟಿಯಿಂದ ಮೊದಲು ತೆಗೆಯಬೇಕಾದ ಬಗೆ ಯಾವುದು ಎಂಬುದನ್ನು ನಿರ್ಧರಿಸುವಾಗ ಅವರು ಇಂಗಾಲದ ಅಂಕಿಯ ಪಕ್ಕದಲ್ಲಿ ಪ್ರಾಣಿಗಳ ಸಂಖ್ಯೆಯನ್ನೂ ಬರೆದುಕೊಳ್ಳಬೇಕು.